ಜಗಲಿ ಎತ್ತರ

ಮೇಲಿನಿಂದ ನೋಡುವವರಿಗೆ ಅದು ಬೇರೆ.
ನಾನು ನೋಡುವುದು ಕೆಳಗಿನಿಂದ,
ಚಿಂತಾಮಣಿ ಬೈಪಾಸಿನ ಪಕ್ಕ, ರ‍್ಯಾಂಪಿನ ಅಡಿ ನಿಂತು,
ಬಾಯಲ್ಲಿ ಟಾರ್ಚು ಕಚ್ಚಿಕೊಂಡು.

ಸೊಣ್ಣಪ್ಪನ ಹೊಸ ಗಾಡಿ ಬಂತು ಬೆಳಿಗ್ಗೆ.
ಬಂತೇನು, ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು,
ಸಂತೆಯಲ್ಲಿ ಮಾರಾಟವಾಗದೆ ಮರಳುವ ಹೋರಿಯ ಹಾಗೆ.
ಮೂತಿ ಮಾತ್ರ ಹುಲಿಯದು.
ಎದೆಯುಬ್ಬಿಸಿದ ಬಾನೆಟ್ಟು, ಛಾವಣಿಗೆ ಬೆಳ್ಳಿ ಕಂಬಿ,
ಸುತ್ತಲೂ ಕಪ್ಪು ಪ್ಲಾಸ್ಟಿಕ್ಕಿನ ಕಚ್ಚೆ,
ಕಚ್ಚೆಯ ತುಂಬ ಅಂಬಾಜಿದುರ್ಗದ ಕೆಮ್ಮಣ್ಣು.

"ಬೆಟ್ಟ ಹತ್ತಲಿಲ್ಲ ಕಣೋ ಆಚಾರಿ.
ಮುಂದಿನ ಚಕ್ರ ಬರೀ ಮಣ್ಣು ತೂರ್ತು,
ಹಿಂದಿನವು ಸುಮ್ಮನೆ ನಿಂತು ನೋಡ್ತಿದ್ವು
ಮದುವೆಗೆ ಬಂದ ದೂರದ ನೆಂಟರ ಥರ.
ಇದು ಜೀಪು ಅಲ್ವೇನೋ?"

ನಾನು ಮಾತಾಡಲಿಲ್ಲ. ಗುಂಡಿ ಒತ್ತಿದೆ.
ಗಾಡಿ ಮೇಲೇರಿತು, ಕಾಲು ಇಳಿಬಿಟ್ಟುಕೊಂಡು.
ಬಾ ಅಣ್ಣ, ಕೆಳಗೆ ಬಾ.

ಇಲ್ಲಿ ನೋಡು, ಈ ತೋಳು, ಈ ಬುಷ್ಷು,
ಈ ಅಡ್ಡತೊಲೆ, ಎಂಜಿನ್ನು ಕೂತ ತೊಟ್ಟಿಲು,
ಪಕ್ಕದ ರ‍್ಯಾಂಪಿನಲ್ಲಿದೆಯಲ್ಲ ಸರಸಮ್ಮ ಟೀಚರ ಪುಟ್ಟ ಕಾರು,
ಅದರದೇ. ಎರಡಕ್ಕೂ ಒಂದೇ ಡಬ್ಬ,
ಡಬ್ಬದ ಮೇಲೆ ಒಂದೇ ನಂಬರು.
ಅದು ಕೂತಿದೆ, ಇದು ಎದ್ದು ನಿಂತಿದೆ. ಅಷ್ಟೆ.
ನಡುವೆ ನಾಲ್ಕು ಬೆರಳು ಸ್ಪ್ರಿಂಗು, ದಪ್ಪ ಟೈರು,
ಏಳು ಲಕ್ಷ.

ಸೊಣ್ಣಪ್ಪ ಆ ಕಾರು ನೋಡಿದ, ಈ ಗಾಡಿ ನೋಡಿದ.
ಟೊಮೆಟೊ ಮಂಡಿಯಲ್ಲಿ ಬಾಕ್ಸಿನ ಮೇಲಿನ ಸಾಲು ಸರಿಸಿ
ಅಡಿಯ ಹಣ್ಣು ಒತ್ತಿ ನೋಡದೆ
ಕೂಗು ಹಾಕಿದವನಲ್ಲ ಆತ.
ಶೋರೂಮಿನಲ್ಲಿ ಬಗ್ಗಿರಲಿಲ್ಲ.

ಮೋಸ ಅನ್ನಬೇಡ ಅಣ್ಣ, ಅಂದೆ,
ಜೋತುಬಿದ್ದ ಅಡಿತಟ್ಟೆಯನ್ನು ಮತ್ತೆ ಬಿಗಿಯುತ್ತ
(ಆರು ಕ್ಲಿಪ್ಪಿನಲ್ಲಿ ಎರಡು ಬೆಟ್ಟದಲ್ಲೇ ಉಳಿದಿದ್ದವು,
ತಂತಿ ಕಟ್ಟಿದೆ).
ನಮ್ಮಪ್ಪ ಕುಲುಮೆ ಊದಿ ಗಾಡಿ ಕಟ್ಟುತ್ತಿದ್ದ.
ಒಂದೇ ಅಚ್ಚು, ಒಂದು ಜೊತೆ ಚಕ್ರ, ಒಂದು ಮೂಕಿ.
ಸೋಮವಾರ ತಡಿಕೆ ಕಟ್ಟಿದರೆ ಗೊಬ್ಬರದ ಗಾಡಿ.
ಶುಕ್ರವಾರ ಕಮಾನು ಕೂರಿಸಿ, ಹುಲ್ಲು ಹರವಿ, ಜಮಖಾನ ಹಾಸಿದರೆ
ಮದುಮಗಳು ತಲೆ ತಗ್ಗಿಸಿ ಹತ್ತುತ್ತಿದ್ದಳು.
ಅಚ್ಚಿಗೆ ಎರಡೂ ಭಾರವೇ.
ಕೀಲೆಣ್ಣೆ ಕೇಳುವಾಗ ಎರಡಕ್ಕೂ ಒಂದೇ ನರಳು.
ಅಡಿಯಲ್ಲಿ ಗೊಬ್ಬರದ ವಾಸನೆ ಇದೆಯೆಂದು
ಯಾವ ಮದುಮಗಳೂ ಇಳಿದು ಹೋಗಲಿಲ್ಲ.
ಹೋಗಿದ್ದರೆ ಅಪ್ಪ ಹೇಳದೆ ಇರುತ್ತಿದ್ದನೇ.

ಸೊಣ್ಣಪ್ಪ ನಗಲಿಲ್ಲ. ಬೀಡಿ ಹುಡುಕಿದ.

ಅಷ್ಟರಲ್ಲಿ ಆಟೋ. ಅವನ ತಾಯಿ, ಅಕ್ಕಯ್ಯಮ್ಮ.
"ಗಾಡಿಗೇನಾಯ್ತಂತೋ?"
ಕಂಬಿ ಹಿಡಿದು ಒಂದು ಕಾಲು,
ನಡುವೆ ದೇವರ ಹೆಸರು,
ಇನ್ನೊಂದು ಕಾಲು.
ನಾನು ಗಾಡಿ ಇಳಿಸಿದೆ. ಬಾಗಿಲು ತೆಗೆದೆ.
ಅವರು ಬೆನ್ನು ಕೊಟ್ಟು ನಿಂತರು. ಕೂತರು. ತಿರುಗಿದರು.
ಮುಗಿಯಿತು. ಯಾರೂ ಕೈ ಕೊಡಲಿಲ್ಲ.

"ಆ ಹಳೇ ಜೀಪಿಗೆ ನನ್ನ ಮೂಟೆ ಥರ ಎತ್ತಿ ಹಾಕ್ತಿದ್ದ.
ಸಣ್ಣ ಕಾರು ಬಾವಿ, ಇಳಿದ್ರೆ ಹತ್ತೋಕೆ ಹಗ್ಗ ಬೇಕು.
ಇದು ನೋಡಪ್ಪ,
ನಮ್ಮನೆ ಜಗಲಿ ಎತ್ತರ ಐತೆ."

ಬೆಟ್ಟಕ್ಕಲ್ಲ ಅಣ್ಣ ಈ ಎತ್ತರ, ಮಂಡಿಗೆ, ಅಂದೆ.
"ಯಾವ ಮಂಡಿಗೆ?" ಅಂದ. ಹರಾಜಿನ ಹೊತ್ತಾಗಿತ್ತು,
ಅವನ ಕಿವಿಯಲ್ಲಿ ಆಗಲೇ ರೇಟು ಓಡುತ್ತಿತ್ತು.
ನಾನು ನನ್ನ ಮೊಣಕಾಲು ತಟ್ಟಿ ತೋರಿಸಿದೆ.

ಹೊರಟರು.
ಗೇಟಿನ ಎದುರಿನ ಹಂಪನ್ನು ಅವನು
ತಲೆಯ ಮೇಲೆ ಮೊಸರಿನ ಮಡಕೆ ಹೊತ್ತವನಂತೆ ದಾಟಿಸಿದ.
ಬೆಳ್ಳಿ ಕಂಬಿ ಒಮ್ಮೆ ಬಿಸಿಲಿಗೆ ಮಿಂಚಿತು,
ಏನನ್ನೂ ಹೊರದೆ.

ನಾನು ಕಣ್ಣು ತೊಳೆದುಕೊಂಡೆ.
ಕೆಳಗೆ ನಿಂತವನ ಕಣ್ಣಿಗೆ ಬಿದ್ದ ಅಂಬಾಜಿದುರ್ಗ
ಇನ್ನೂ ಕರಕರ ಅನ್ನುತ್ತಿದೆ.