ಗೆರೆ ಕಾಯುವವಳು

ದಿನಕ್ಕೆ ಎಂಟುನೂರು, ಒಂದು ನೀಲಿ ಟೋಪಿ, ಮಧ್ಯಾಹ್ನ ಚಿತ್ರಾನ್ನ.
ಕೆಲಸ ಇಷ್ಟೇ: ಕೂತು ಒಂದು ಬಿಳಿ ಗೆರೆ ನೋಡುವುದು.
ಚೆಂಡು ದಾಟಿದರೆ ಕೈ ಚಾಚಿ ಕೂಗುವುದು,
ದಾಟದಿದ್ದರೆ ಅಂಗೈ ಎರಡೂ ನೆಲಕ್ಕೆ ತೋರಿಸಿ
ಸುಮ್ಮನಿರುವುದು.
ದುದ್ದದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಸೀಟಿ ಊದಿದವಳಿಗೆ
ಸುಮ್ಮನಿರುವುದೇ ಕಷ್ಟ.

ಹಾಸನಕ್ಕೆ ಅವಳು ಬಂದದ್ದು ಒಬ್ಬಳೇ,
ಬೆನ್ನ ಮೇಲೆ ತನ್ನಷ್ಟೇ ಉದ್ದದ ಚೀಲ,
ಅದರೊಳಗೆ ಆರು ರಾಕೆಟ್ಟು, ಅಂಗೈಯಗಲದ ಒಂದು ರೈಸ್ ಕುಕ್ಕರು.
ವಯಸ್ಸು ಹದಿನೇಳು. ಊರು ಚೀನಾದಲ್ಲೆಲ್ಲೋ ಹೊಳೆಯ ದಂಡೆ;
ಕೇಳಿದ್ದಕ್ಕೆ ಕೈಯಲ್ಲಿ ಅಲೆ ಮಾಡಿ ತೋರಿಸಿದಳು.
ಷಾವ್ ಲಿಂಗ್‌ಯೂ ಎಂದು ಬರೆಯಲು
ಅಂಕಪಟ್ಟಿಯ ಹುಡುಗ ಮೂರು ಸಲ ಅಳಿಸಿದ.
ಮೆಸ್ಸಿನ ಹೊಂಬಾಳಮ್ಮನಿಗೆ ಮಾತ್ರ ಯಾವ ತೊಡಕೂ ಇಲ್ಲ:
'ಲಿಂಗಮ್ಮಾ, ಇನ್ನೊಂದು ಸೌಟು ಹಾಕ್ಲಾ?'

ಅರ್ಹತೆಯ ಸುತ್ತು ಎರಡನ್ನೂ ಗೆದ್ದಳು.
ಗ್ಯಾಲರಿಯಲ್ಲಿ ಮೂವತ್ತು ಜನ, ಅರ್ಧ ಜನ ನೆರಳಿಗೆ ಬಂದವರು.
ಹಾಸ್ಟೆಲಿನ ಹುಡುಗಿಯರದು 'ಲಿಂಗೂ, ಲಿಂಗೂ' ಎಂದು ಒಂದೇ ಗಲಾಟೆ,
ಆಲೂರಿನ ಕಡೆಯವಳೇ ಆಡುತ್ತಿದ್ದಾಳೇನೋ ಎಂಬಂತೆ.
ಈ ಆಟ ಗೆದ್ದರೆ ಒಂದು ಅಂಕವಂತೆ.
ಅವಳ ಹೆಸರಿನ ಮುಂದೆ ಮೊಟ್ಟಮೊದಲ ಅಂಕ.

ಮೂರನೇ ಸೆಟ್. ಐದು ನಾಲ್ಕು. ಇನ್ನೊಂದೇ ಪಾಯಿಂಟು.
ಅವಳ ಫೋರ್‌ಹ್ಯಾಂಡು ಉದ್ದಕ್ಕೆ ಬಂತು, ನನ್ನ ಗೆರೆಗೇ.
ನಾನೇನು ಕಂಡೆ?
ಹಳದಿ. ಬರೀ ಹಳದಿ.
ಬಾಯಿ ಆಗಲೇ ಕೂಗಿಬಿಟ್ಟಿತ್ತು,
ಕೈ ಅದರ ಮಾತು ಉಳಿಸಲು ಓಡಿತ್ತು.

ಸಾಲಗಾಮೆ ರಸ್ತೆಯಲ್ಲಿ ಬಿಳಿ ಬೋಗುಣಿಗಳು ಬಾನಿಗೆ ಬಾಯಿ ತೆರೆದು ಕೂತಿವೆ.
ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ
ಉಪಗ್ರಹ ತುಸು ಓರೆಯಾದರೂ ಈ ಊರಿಗೆ ಗೊತ್ತಾಗುತ್ತದೆ.
ಇಪ್ಪತ್ತು ಮೊಳ ದೂರದ ಒಂದು ಚೆಂಡಿಗೆ
ನಾನೊಬ್ಬಳು, ನಿದ್ದೆಗೆಟ್ಟ ಎರಡು ಕಣ್ಣು.

ಅವಳು ಜಗಳ ಕಾಯಲಿಲ್ಲ.
ಬಲೆಯ ತನಕ ನಡೆದು ಬಂದು ನೆಲ ನೋಡಿದಳು,
ಗಟ್ಟಿ ನೆಲ, ಯಾವ ಗುರುತನ್ನೂ ಇಟ್ಟುಕೊಳ್ಳದ ನೆಲ;
ಆಮೇಲೆ ನನ್ನನ್ನು.
ಆ ನೋಟ ನನಗೆ ಹೊಸದಲ್ಲ.
ಬಿಸಿಯೂಟದ ಸಾಲಿನ ಕೊನೆಯ ಮಗು
ತನ್ನ ಸರದಿಗೆ ಸೌಟು ತಳಕ್ಕೆ ತಾಗಿದ ಸದ್ದು ಕೇಳಿ
ಹೀಗೇ ನೋಡುತ್ತದೆ.

ಐದು ಏಳಕ್ಕೆ ಸೋತಳು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದೆ.
ಮನೆಯಲ್ಲಿ ಹಾಲು ತರುತ್ತೇನೆ ಎಂದಿದ್ದೆ.
ಚೀಲ ಕಾಲ ನಡುವೆ ಇಟ್ಟುಕೊಂಡು ನಿಂತಿದ್ದಳು,
ಮುಂದಿನ ಊರು ಸೊಲ್ಲಾಪುರವೋ ಇನ್ನೆಲ್ಲೋ.
ಬಾಲ್, ಸಾರಿ, ಮಿಸ್ಟೇಕ್.
ಮೂರಕ್ಕೆ ನನ್ನ ಇಂಗ್ಲಿಷು ಮುಗಿಯಿತು.

ಯಾರದೋ ಬಿತ್ತನೆ ಆಲೂಗಡ್ಡೆಯ ಮೂಟೆ ಬಾಯಿ ಬಿಟ್ಟಿತ್ತು.
ಒಂದನ್ನು ಎತ್ತಿಕೊಂಡೆ.
ಚಪ್ಪಲಿಯ ತುದಿಯಲ್ಲಿ ಧೂಳಿಗೆ ಗೆರೆ ಎಳೆದೆ,
ಗೆರೆಯ ಮೇಲೇ ಇಟ್ಟೆ, ಅರ್ಧ ಒಳಗೆ, ಅರ್ಧ ಹೊರಗೆ.
ಎದೆ ಮುಟ್ಟಿಕೊಂಡೆ. ನಂದು ತಪ್ಪು.

ಅವಳು ಕುಕ್ಕರಗಾಲಲ್ಲಿ ಕೂತಳು. ಎಷ್ಟೋ ಹೊತ್ತು ನೋಡಿದಳು.
ಆಮೇಲೆ ಒಂದೇ ಬೆರಳಲ್ಲಿ
ಆಲೂಗಡ್ಡೆಯನ್ನು ಹೊರಕ್ಕೆ ಸರಿಸಿದಳು,
ಗೆರೆಗೂ ಅದಕ್ಕೂ ನಡುವೆ
ಒಂದು ರಾಗಿಕಾಳು ಹಿಡಿಸುವಷ್ಟು.

ನನ್ನ ಮೇಲಿನ ಕನಿಕರಕ್ಕೋ, ಅವಳು ಕಂಡದ್ದು ಅದನ್ನೇಯೋ,
ಕೇಳುವ ಭಾಷೆ ನನ್ನಲ್ಲಿರಲಿಲ್ಲ.
ಕಂಡಕ್ಟರು 'ರೈಟ್, ರೈಟ್' ಅಂದ.
ಗೆರೆಯ ಮೇಲೆ ಹಾದು ಬಸ್ಸು ಹೋಯಿತು.

ಸೋಮವಾರ ಶಾಲೆಯಲ್ಲಿ
ಖೋಖೋ ಅಂಕಣಕ್ಕೆ ಸುಣ್ಣ ಸುರಿಯುತ್ತಿದ್ದೆ.
'ಮಿಸ್,' ಅಂದಳು ಏಳನೇ ಕ್ಲಾಸಿನ ಒಬ್ಬಳು,
'ಈ ಸಲ ಗೆರೆ ಯಾಕೆ ಇಷ್ಟು ದಪ್ಪ?'