ಡ್ರೈವರ್ ಸಿಗಲಿಲ್ಲ

ಸಂಜೀ ಆರರಿಂದ ಅದೊಂದ ಮಾತು:
ಡ್ರೈವರ್ ಸಿಗಲಿಲ್ಲ.
ಕಪ್ಪು ಪರದೆ, ಬಿಳೀ ಅಕ್ಷರ.
ಹೊಸಾ ಆವೃತ್ತಿ ಹಾಕಿದಾಕಿ ನಾನ,
ಯಾರೂ ಹಾಕು ಅಂದಿರಲಿಲ್ಲ.

ಬ್ಯಾಡಗಿ ಪ್ಯಾಟಿ. ದಲಾಲಿ ಅಂಗಡಿಯ ಮಾಳಿಗಿ.
ಕೆಳಗ ಚೀಲ ಕೊಡವಿದರ ಮ್ಯಾಲ ನನಗ ಸೀನು.
ಕೀಲಿಮಣೆಯ ಸಂದಿನ್ಯಾಗೆಲ್ಲಾ ಮೆಣಸಿನ ಧೂಳು,
ಎಂಟರ್ ಒತ್ತಿದ ಬೆರಳು ಕಣ್ಣಿಗೆ ಹೋಗಬಾರದು.
ಹೋತು.

ಡೇಟಾಬೇಸ್ ಜೀವಂತ ಐತಿ,
ಬ್ಯಾರೆ ಕಿಡಕಿಯಿಂದ ಕೂಗಿದರ ಓ ಅಂತೈತಿ:
ಡಬ್ಬಿ ಇಷ್ಟು, ಕಡ್ಡಿ ಇಷ್ಟು,
ಮೋಟೆಬೆನ್ನೂರ ನೀಲವ್ವಗ ಕೊಡಬೇಕಾದ
ಹನ್ನೊಂದು ಸಾವಿರದ ನಾಕನೂರಾ ಆರು.
ನನ್ನ ಪಿಎಚ್‌ಪಿ ಒಂದ
ಬಾಗಲ ಮುಂದ ಮಾತು ಮರೆತು ನಿಂತೈತಿ.

ತಗದೆ, ಮತ್ತ ಹಾಕಿದೆ.
ಮೂವತ್ತೆರಡು ಬಿಟ್ಟ ಅರವತ್ನಾಕು ಬಿಟ್ಟಿನದು.
ಇನಿ ಕಡತದಾಗ ಆ ಸಾಲಿನ ಮುಂದೊಂದು ಅರ್ಧವಿರಾಮ,
ಮ್ಯಾಲೊಂದು ಚುಕ್ಕಿ, ಕೆಳಗೊಂದು ಬಾಲ,
ಇಡೀ ಸಾಲನ್ನ ಮಲಗಿಸಿಡುವಷ್ಟು ಸಣ್ಣ ಜೋಗುಳ.
ಅಳಿಸಿದೆ. ಉಳಿಸಿದೆ. ಸರ್ವರ್ ಮಲಗಿಸಿ ಎಬ್ಬಿಸಿದೆ.
ಡ್ರೈವರ್ ಸಿಗಲಿಲ್ಲ.

ಒಂಬತ್ತಕ್ಕ ಹಮಾಲ ಹಜರೇಸಾಬ ಮೆಟ್ಟಲೇರಿ ಬಂದ,
ಹೆಗಲಿಗೆ ಟವೆಲ್ಲು, ಬಿಳೀ ಮೀಸಿಗೆ ಕೆಂಪು ಅಂಚು.
‘ಅಕ್ಕಾರ, ನಾಳೆ ಗುರುವಾರ. ಪಟ್ಟಿ ಆತೇನ್ರಿ?’
‘ಡ್ರೈವರ್ ಸಿಗವಲ್ಲ.’
ಲಾರಿದು ಅಂತ ತಿಳಿದ, ಪಾಪ.
‘ಯಾರಿಗೆ ಹೇಳಿ ಕಳಿಸಿದ್ರಿ, ಹಜರೇಸಾಬಗೇನು?
ಅಂಗಳದಾಗ ಇಬ್ರು ಅದೀವ್ರೀ ನಾವು.
ನೀವು ಕೂಗಿದ್ದು ನನಗ ಬಂದು ಮುಟ್ಟಿರತೈತಿ.
ಲಾರಿ ಹೊಡಿಯಾಂವ ಅಂವ.
ನನಗ ಸೈಕಲ್ಲೂ ಬರಂಗಿಲ್ಲ.’

ನಕ್ಕೆ. ನಗು ನಡುವ ನಿಂತುಬಿಟ್ಟಿತು.

ಮೂರು ತಾಸು ಯಂತ್ರಕ್ಕ ಹೇಳಿದ್ದ ಹೇಳಿದ್ದು,
ಕೇಳಿರಲಿಲ್ಲ ಒಮ್ಮೆಯೂ:
ನೀ ಓದಾಕತ್ತಿದ್ದು ಯಾವ ಕಡತ, ವಿಳಾಸ ಸಮೇತ ಹೇಳು.
ಹೇಳಿತು.
ನಾ ತಿದ್ದಿದ್ದು ಅಲ್ಲ ಅದು.
ಅದ ಹೆಸರು, ಓಣಿ ಬ್ಯಾರೆ, ಅಪಾಚೆಯ ಒಳಮನಿ,
ಅಲ್ಲಿ ಅರ್ಧವಿರಾಮ ಇನ್ನೂ ಕಾವಲು ಕುಂತಿತ್ತು,
ನನ್ನ ಸುದ್ದಿ ಏನೂ ಗೊತ್ತಿಲ್ಲದ.

ಒಂದು ಕೀಲಿ ಒತ್ತಿದೆ, ಅಷ್ಟ.

ಪ್ರಿಂಟರ್ ಕೆಮ್ಮಿಕೋಂತ ಎದ್ದಿತು, ನನ್ನಂಗ.
ನೀಲವ್ವ ಬಂದಳು, ಆಕಿ ಹಿಂದ ಇನ್ನೂರು ಮಂದಿ,
ತೂಕ, ದರ, ಹಮಾಲಿ ಕಳೆದು.
‘ಸಿಕ್ಕನೇನ್ರಿ?’ ಅಂದ ಹಜರೇಸಾಬ.
‘ಸಿಕ್ಕ.’
ಅಂವ ಕಿಡಕಿಗೆ ಹೋಗಿ ಬಗ್ಗಿ ನೋಡಿದ,
ಖಾಲಿ ಅಂಗಳದಾಗ
ಲಾರಿ ಎಲ್ಲಿ ನಿಂತೈತಿ ಅಂತ.