ಐದನೇ ಜ್ವರ

ಕಿರುಗಾವಲಿನ ಮೆಹರಾಜ್ ಬೀ
ನೂಲು ತೆಗೆದಾದ ಮೇಲೆ ಉಳಿದದ್ದನ್ನು
ಸಿಮೆಂಟ್ ಚೀಲಕ್ಕೆ ತುಂಬಿ
ಮೂಗು ಆಚೆ ತಿರುಗಿಸಿ ಕೊಡುತ್ತಾಳೆ.
ಬೆಂದ ಹುಳ. ಮೈಮೇಲೆ ಗೂಡಿಲ್ಲ, ರೆಕ್ಕೆ ಇನ್ನೂ ಬಂದಿಲ್ಲ,
ಹುರಿದ ಕಡಲೆಬೀಜದ ಬಣ್ಣ.
ಮಳವಳ್ಳಿ ಬಸ್ಸಿಗೆ ಹತ್ತಿಸುವುದಿಲ್ಲ ಕಂಡಕ್ಟರು.
ಆಟೋದವನು ಐವತ್ತು ಹೆಚ್ಚಿಗೆ ಕೇಳುತ್ತಾನೆ,
ನಾತದ ಬಾಬ್ತು.

ಮೊದಲು ಮಂಗಳೂರಿನಿಂದ ಬರುತ್ತಿತ್ತು ಮೀನುಹಿಟ್ಟು.
ನಾಲೆ ನೀರಲ್ಲಿ ತುಂಬಿದ ನಮ್ಮ ಹೊಂಡದ
ಕಡಲನ್ನೇ ಕಾಣದ ಕಾಟ್ಲಾ ರೋಹುಗಳಿಗೆ
ಕಡಲ ಬೂತಾಯಿಯ ಪುಡಿ ತಿನಿಸುತ್ತಿದ್ದೆವು.
ಮೀನು ಬೆಳೆಸಲು ಮೀನು ಹಿಡಿಯುವುದು
ಯಾವ ಲೆಕ್ಕ ಅಂತ
ಒಂದು ದಿನವೂ ಕೇಳಿಕೊಳ್ಳಲಿಲ್ಲ.
ರೇಟು ಏರಿದಾಗ ಕೇಳಿಕೊಂಡೆ.

ಇಲಾಖೆಯ ಹುಡುಗ ಬೈಕಿನಿಂದ ಇಳಿಯದೆಯೇ ಹೇಳಿದ,
ಒಣಗಿದ ಹುಳದಲ್ಲಿ ಅರ್ಧಕ್ಕರ್ಧ ಪ್ರೋಟೀನು ಅಂತ.
ಒಣಗಿಸುವುದು ಹೇಗೆ ಅಂತ ಹೇಳಲಿಲ್ಲ.
ಏರಿಯ ಮೇಲೆ ಹಳೇ ಸೀರೆ ಹಾಸಿದೆ, ಹತ್ತಿಯದು, ರೇಷ್ಮೆಯದಲ್ಲ.
ಒಂದು ಪಾಲು ನನಗೆ, ಒಂದು ಪಾಲು ಕಾಗೆಗೆ.

ಮಿಲ್ಲಿನ ಸಿದ್ದಮಲ್ಲಪ್ಪ
ಚೀಲದ ಬಾಯಿ ಬಿಚ್ಚಿದವನೇ ಕಟ್ಟಿಬಿಟ್ಟ.
"ರಾಗಿ ಬೀಸೋ ಕಲ್ಲಮ್ಮ ಇದು."
ಬೇಡಿಕೊಳ್ಳಲಿಲ್ಲ. ಅಲ್ಲೇ ಕೂತೆ.
ಕರೆಂಟು ಹೋಗಿ, ಬಂದು, ಮತ್ತೆ ಹೋದ ಮೇಲೆ ಅಂದ:
"ಅಮಾವಾಸ್ಯೆ ದಿನ ಬಾ. ಅವತ್ತು ಬೀಸೋಕೆ ಯಾರೂ ಬರಲ್ಲ.
ಆಮೇಲೆ ಎರಡು ಸೇರು ತವುಡು ಹಾಕಿ
ಕಲ್ಲು ಚೊಕ್ಕ ಮಾಡಿ ಹೋಗ್ಬೇಕು."
ಆ ತವುಡನ್ನೂ ಬಿಡಲಿಲ್ಲ ನಾನು,
ಹಿಂಡಿಯ ಜೊತೆ ಕಲಸಿದೆ.

ಮೊದಲ ಸಲ ಕೆಟ್ಟಿತು.
ಹುಳದ ಎಣ್ಣೆ ನೀರಿನ ಮೇಲೆ ಕಾಮನಬಿಲ್ಲಾಗಿ ಹರಡಿ
ಒಂದು ಮೀನೂ ತಲೆ ಎತ್ತಲಿಲ್ಲ.
ಮುಂದಿನ ಅಮಾವಾಸ್ಯೆಗೆ ಮುಂಚೆ ಗಾಣದಲ್ಲಿ ಹಿಂಡಿಸಿದೆ
(ಗಾಣದವನದು ಬೇರೆಯೇ ಕಥೆ).
ತೂತು ಹೊಡೆದ ಗೊಬ್ಬರದ ಚೀಲಕ್ಕೆ ಹಿಟ್ಟು ತುಂಬಿ
ಬಿದಿರ ಗಳಕ್ಕೆ ಕಟ್ಟಿ ಇಳಿಬಿಟ್ಟೆ.
ಮೂರನೇ ದಿನ ಗಳ ಅಲ್ಲಾಡಿತು.

ಕಾಟ್ಲಾ ಒಂದೂವರೆ ಕೇಜಿ ತೂಗಿದ ದಿನ
ಹುಣಸೆಹುಳಿ ಹಿಂಡಿ ಸಾರು ಮಾಡಿದೆ.
ಅತ್ತೆ ಕೆಂಪಾಜಮ್ಮ ತಟ್ಟೆ ದೂಡಿದಳು.
"ಹುಳ ತಿಂದಿದ್ದು ನಂಗೆ ಬ್ಯಾಡ."
"ಕಾವೇರಿ ಮೀನೇನು ಇಡ್ಲಿ ತಿಂತಿತ್ತಾ ಅತ್ತೆ?" ಅಂದೆ.
ನಗಲಿಲ್ಲ.
ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡು
ಬಹಳ ಹೊತ್ತಾದ ಮೇಲೆ, ಗೋಡೆಗೆ ಹೇಳುವ ಹಾಗೆ ಹೇಳಿದಳು:

"ಹನ್ನೆರಡು ವರ್ಸ ಸಾಕಿದೀನಿ ಕಣೆ.
ನಡುರಾತ್ರೀಲಿ ಎದ್ದು ಸೊಪ್ಪು ಹಾಕಿದೀನಿ.
ಕೈಕಾಲು ತೊಳೀದೆ ಹುಳದ ಮನೆ ಹೊಸಲು ತುಳಿದೋಳಲ್ಲ.
ನಾಲ್ಕು ಜ್ವರ ಬತ್ತವೆ ಅವಕ್ಕೆ.
ತಲೆ ಎತ್ಕಂಡು ಮನಿಕತವೆ, ಸೊಪ್ಪು ಮುಟ್ಟಲ್ಲ.
ಎದ್ದಾಗ ಹೊಸ ಚರ್ಮ.
ಹಣ್ಣಾದ ಹುಳನ ಚಂದ್ರಂಕಿಗೆ ಬಿಟ್ಟು
ಗೂಡು ಮಾರೋಕೆ ಹೋದಾಗ
ಒಳಗೆ ಅದು ಅದೆಯಲ್ಲ ಅಂತ
ಒಬ್ರೂ ಕೇಳ್ಲಿಲ್ಲ.
ನಾನೂ ಏಳ್ಲಿಲ್ಲ."

ನನ್ನ ಬಾಯಲ್ಲಿ ಮುಳ್ಳಿತ್ತು.
ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟೆ.

ಈಗಲೂ ತಿನ್ನುವುದಿಲ್ಲ ಅವಳು.
ಆದರೆ ಬೆಳಗಾದರೆ ಏರಿಗೆ ಬರುತ್ತಾಳೆ.
"ಚೀಲದಾಗೆ ಕಟ್ಟಿ ತಿನ್ಸೋದಾ, ಥೂ" ಅಂತ
ಹಿಟ್ಟನ್ನು ಮೊರಕ್ಕೆ ಸುರುವಿಕೊಂಡು ಕೈ ಬೀಸುತ್ತಾಳೆ,
ತಟ್ಟೆಹುಳದ ಮೇಲೆ ಸೊಪ್ಪು ಉದುರಿಸುವ ಹಾಗೆ,
ಒಂದು ಕಡೆ ದಪ್ಪ ಬೀಳದಂತೆ, ಬೆರಳ ಸಂದಿಯಿಂದ.
ಕಾಟ್ಲಾಗಳು ಮೇಲೆದ್ದು ಬಾಯಿ ಬಡಿಯುತ್ತವೆ.
ಅತ್ತೆ ಕಿವಿಗೊಟ್ಟು ನಿಲ್ಲುತ್ತಾಳೆ.
"ಇದು ಐದ್ನೇ ಜ್ವರ," ಅಂದಳು ಮೊನ್ನೆ,
ನನಗಲ್ಲ, ನೀರಿಗೆ.

ಸೋಪು ಹಾಕಿ ಎಷ್ಟು ಉಜ್ಜಿದರೂ
ನಾತ ಹೋಗುವುದಿಲ್ಲ, ನನ್ನ ಕೈಯದೂ ಅವಳ ಕೈಯದೂ.
ಬರುವ ಗುರುವಾರ ಅಮಾವಾಸ್ಯೆ.
ಸಿದ್ದಮಲ್ಲಪ್ಪನಿಗೆ ಹೇಳಿಡಬೇಕು.